4 ಅಡಿ ಉಪ್ಪುನೀರಿನ ಟ್ಯಾಂಕಿಗೆ ಹಿಂಡಾಗಿ ಇರುವ ಮೀನು ಯಾವುದು ತರಲಿ?

ಡೊಂಬಿವ್ಲಿ ಬಂಗುಡೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಲೆಕ್ಕದಲ್ಲಿ 250 ಲೀಟರ್, ಕಲ್ಲು ಮರಳು ಕಳೆದರೆ 200ರ ಆಸುಪಾಸು. ಕೆಳಗೆ ಸಣ್ಣ ಸಂಪ್ (ಟ್ಯಾಂಕಿನ ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೆ ಹೋಗುವ ತೊಟ್ಟಿ), ಅದರಲ್ಲಿ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್. ಸದ್ಯಕ್ಕೆ ಇರುವುದು ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಕ್ಲೀನರ್ ಸಿಗಡಿ. ಎಲ್ಲ ಆರೋಗ್ಯವಾಗಿವೆ. ಆದರೆ ಕ್ಲೌನ್ ಎರಡೂ ಎಡಗಡೆ ಮೂಲೆ ಬಿಟ್ಟು ಅಲ್ಲಾಡುವುದಿಲ್ಲ, ಗೋಬಿ ಮರಳು ಬಿಟ್ಟು ಏಳುವುದಿಲ್ಲ. ಟ್ಯಾಂಕಿನ ಮೇಲಿನ ಅರ್ಧ ಪೂರ್ತಿ ಖಾಲಿ. ಮನೆಗೆ ಬಂದವರೆಲ್ಲ "ಮೀನು ಎಲ್ಲಿ?" ಅಂತ ಕೇಳುತ್ತಾರೆ.

ನೇತ್ರಾಣಿಯಲ್ಲಿ ಡೈವ್ ಮಾಡಿದವರಿಗೆ ಗೊತ್ತಿರುತ್ತದೆ, ನೂರಾರು ಮೀನು ಒಟ್ಟಿಗೆ ತಿರುಗುವಾಗ ಹೇಗಿರುತ್ತದೆ ಅಂತ. ಅಷ್ಟಲ್ಲದಿದ್ದರೂ ಏಳೆಂಟು ಮೀನು ಒಟ್ಟಿಗೆ ಓಡಾಡಿದರೆ ಸಾಕು. ಅಂಗಡಿಯವನು ಕೇಳಿದ ತಕ್ಷಣ "ದಸ್ ಗ್ರೀನ್ ಕ್ರೋಮಿಸ್ ಡಾಲ್ ದೋ" ಅಂದ, ಹತ್ತು ಹಸಿರು ಕ್ರೋಮಿಸ್ ಮೀನು ಹಾಕಿಬಿಡಿ ಅಂತ. ಅಗ್ಗ, ಗಟ್ಟಿ ಮೀನು, ಜಗಳ ಇಲ್ಲ ಅಂತ ಅವನ ಮಾತು. ಇಂಟರ್ನೆಟ್ಟಿನಲ್ಲಿ ನೋಡಿದರೆ ಅರ್ಧ ಜನ ಹೂಂ ಅಂತಾರೆ, ಅರ್ಧ ಜನ ಬೇಡವೇ ಬೇಡ ಅಂತಾರೆ. ಆಂಥಿಯಾಸ್ ಅನ್ನುವ ಮೀನನ್ನೂ ತೋರಿಸಿದ, ಬಣ್ಣ ನೋಡಿ ಮನಸ್ಸು ಜಾರಿತು. ಬೆಳಗ್ಗೆ 8ಕ್ಕೆ ಮನೆ ಬಿಟ್ಟರೆ ನಾನು ವಾಪಸ್ ಬರುವುದು ರಾತ್ರಿ 8ಕ್ಕೆ. ಯಾವುದು ತರಲಿ, ಎಷ್ಟು ತರಲಿ, ಒಟ್ಟಿಗೆ ಹಾಕಬೇಕಾ, ಸ್ವಲ್ಪ ಸ್ವಲ್ಪವೇ ಹಾಕಬೇಕಾ?

ಕೊಥ್ರೂಡ್ ಕ್ಲೌನ್:

ಮೊದಲು ಒಂದು ವಿಷಯ ಇತ್ಯರ್ಥ ಆಗಲಿ. ನೀವು ನೇತ್ರಾಣಿಯಲ್ಲಿ ನೋಡಿದ್ದು ಮನೆಯಲ್ಲಿ ಆಗುವುದಿಲ್ಲ. ಸಮುದ್ರದಲ್ಲಿ ಆ ಮೀನುಗಳನ್ನು ಒಟ್ಟಿಗೆ ಕಟ್ಟಿಹಾಕುವುದು ಹೆದರಿಕೆ. ದೊಡ್ಡ ಮೀನು ನುಗ್ಗಿದಾಗ ಗುಂಪಿನಲ್ಲಿದ್ದರೆ ಯಾರನ್ನು ಹಿಡಿಯಬೇಕು ಅಂತ ಅದಕ್ಕೇ ಗೊಂದಲ ಆಗುತ್ತದೆ, ಒಂಟಿಯಾಗಿ ಸಿಕ್ಕವನು ಹೋದ. ನಿಮ್ಮ ಟ್ಯಾಂಕಿನಲ್ಲಿ ತಿನ್ನುವವರು ಯಾರೂ ಇಲ್ಲ ಅಂತ ಮೀನುಗಳಿಗೆ ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ಒಂದೊಂದೂ ತನ್ನ ಮೂಲೆ, ತನ್ನ ಬಿಲ ನೋಡಿಕೊಳ್ಳುತ್ತದೆ. ಊಟ ಬಿದ್ದಾಗ, ಲೈಟ್ ಹತ್ತಿದಾಗ, ಮಕ್ಕಳು ಗಾಜು ತಟ್ಟಿದಾಗ ಮಾತ್ರ ಒಟ್ಟಿಗೆ ಸೇರುತ್ತವೆ. ಕೆಲವರು ಹಿಂಡು ಕಟ್ಟಲಿ ಅಂತ ಬೇಕೆಂದೇ ಒಂದು ದೊಡ್ಡ ಮೀನು ಬಿಡುತ್ತಾರಂತೆ. ಮಾಡಬೇಡಿ. ಹೆದರಿದ ಮೀನು ಕಲ್ಲಿನ ಸಂದಿಯಲ್ಲೇ ಕೂತು ಊಟ ಬಿಡುತ್ತದೆ, ಅಷ್ಟೇ.

ಆದ್ದರಿಂದ ಒಂದೇ ದಿಕ್ಕಿಗೆ ಈಜುವ ಮೀನು ಅಂತ ಹುಡುಕಬೇಡಿ. ಒಂದೇ ಜಾತಿಯ ಐದಾರು ಮೀನು ಒಂದನ್ನೊಂದು ಕೊಲ್ಲದೆ ವರ್ಷಗಟ್ಟಲೆ ಇರಬೇಕು, ಅಂಥದ್ದು ಹುಡುಕಿ. ಆ ಪಟ್ಟಿ ಬಹಳ ಚಿಕ್ಕದು.

ಗ್ರೀನ್ ಕ್ರೋಮಿಸ್ ಬಗ್ಗೆ. ಅಂಗಡಿಯ ತೊಟ್ಟಿಯಲ್ಲಿ ಐವತ್ತು ಇರುವಾಗ ಎಷ್ಟು ಶಾಂತ ಅಲ್ವಾ? ಅಲ್ಲಿ ಜಾಗವೇ ಇಲ್ಲ, ಯಾರನ್ನು ಅಂತ ಓಡಿಸುವುದು. ಮನೆಗೆ ತಂದು ಹತ್ತು ಬಿಟ್ಟರೆ ಮೇಲೆ ಕೆಳಗೆ ಅನ್ನುವ ಸಾಲು ಶುರು. ದೊಡ್ಡದು ಎರಡನೆಯದನ್ನು ಅಟ್ಟುತ್ತದೆ, ಎರಡನೆಯದು ಮೂರನೆಯದನ್ನು. ಸಾಲಿನ ಕೊನೆಯದಕ್ಕೆ ಎಲ್ಲರ ಏಟು. ಅದನ್ನು ಗುರುತಿಸುವುದು ಸುಲಭ: ಊಟ ಹಾಕಿದಾಗ ನುಗ್ಗುವುದಿಲ್ಲ, ನೀರು ಸಂಪಿಗೆ ಇಳಿಯುವ ಓವರ್‌ಫ್ಲೋ ಪಕ್ಕ ಮೇಲ್ಗಡೆ ಮೂಲೆಯಲ್ಲಿ ಬಾಲ ಮುದುರಿ ನಿಂತಿರುತ್ತದೆ, ಮುಂದಿನಿಂದ ನೋಡಿದರೆ ಹೊಟ್ಟೆ ಒಳಗೆ ಹೋಗಿರುತ್ತದೆ. ಒಂದು ಬೆಳಗ್ಗೆ ಅದು ಇರುವುದಿಲ್ಲ. ಆಗ ಒಂಬತ್ತನೆಯದು ಕೊನೆಯದಾಗುತ್ತದೆ. ಹೀಗೆ ಇಳಿಯುತ್ತಾ ಬಂದು ಎರಡೋ ಮೂರೋ ಉಳಿಯುತ್ತವೆ. ಇದು ಎಲ್ಲರ ಮನೆಯಲ್ಲೂ ಆಗುತ್ತದೆ ಅಂತಲ್ಲ, ಆದರೆ ಬಹಳ ಮನೆಗಳಲ್ಲಿ ಆಗಿದೆ.

ಇನ್ನೊಂದು ತೊಂದರೆ ಯುರೋನೀಮಾ, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿಯಿಂದ ಬರುವ ರೋಗ. ಮೈ ಪಕ್ಕದಲ್ಲಿ ಹುರುಪೆ ಕೆರೆದುಹೋದ ಹಾಗೆ ಕೆಂಪು ಗಾಯ ಕಾಣುತ್ತದೆ, ಒಂದೆರಡು ದಿನದಲ್ಲಿ ಮೀನು ಮುಗಿಯುತ್ತದೆ. ಕ್ರೋಮಿಸ್‌ಗೆ ಇದು ತುಂಬಾ ಬರುತ್ತದೆ. ಜನ ಸಾಮಾನ್ಯವಾಗಿ ಹಾಕುವ ತಾಮ್ರದ ಔಷಧಿ ಇದಕ್ಕೆ ನಾಟುವುದಿಲ್ಲ. ಈ ಜೀವಿ ಮೀನಿಲ್ಲದೆಯೂ ನೀರಿನಲ್ಲಿ ಬದುಕುತ್ತದೆ, ಹಾಗಾಗಿ ಟ್ಯಾಂಕ್ ಖಾಲಿ ಬಿಟ್ಟರೂ ಹೋಗುವುದಿಲ್ಲ.

ನನ್ನ ಸಲಹೆ ಪಜಾಮಾ ಕಾರ್ಡಿನಲ್ ಅನ್ನುವ ಮೀನು. ಹಳದಿ ಮುಖ, ಕೆಂಪು ಕಣ್ಣು, ನಡುವೆ ಕಪ್ಪು ಪಟ್ಟಿ, ಹಿಂದೆ ಚುಕ್ಕಿ ಚುಕ್ಕಿ. ಹೆಚ್ಚೆಂದರೆ 8 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಐದು ತಂದರೆ ಕಲ್ಲಿನ ಮೇಲೆ ನಡುನೀರಿನಲ್ಲಿ ಒಟ್ಟಿಗೆ ನಿಲ್ಲುತ್ತವೆ, ಓಡಾಟ ಕಡಿಮೆ, ಜಗಳವೂ ಕಡಿಮೆ. ನಿಮ್ಮ ರಾತ್ರಿ 8 ಗಂಟೆಗೂ ಸರಿಹೊಂದುತ್ತದೆ, ಯಾಕೆಂದರೆ ಇವು ಕತ್ತಲಾದ ಮೇಲೆ ಚುರುಕಾಗುವ ಮೀನು.

ಅಂಗಡಿಯಲ್ಲಿ "ಇದೂ ಕಾರ್ಡಿನಲ್ಲೇ" ಅಂತ ಬಂಗಾಯಿ ಕಾರ್ಡಿನಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಕಪ್ಪು ಬಿಳಿ ಪಟ್ಟೆ, ಉದ್ದ ರೆಕ್ಕೆ, ನೋಡಲು ಅದು ಇನ್ನೂ ಚೆಂದ. ಆದರೆ ಅದರಲ್ಲಿ ಒಂದು ಜೋಡಿ ಕೂಡಿಕೊಂಡರೆ ಉಳಿದವನ್ನೆಲ್ಲ ಅಟ್ಟಿ ಅಟ್ಟಿ ಮುಗಿಸುತ್ತವೆ. ಜೊತೆಗೆ ಅದು ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಇರುವ ಮೀನು. ಅಕ್ವೇರಿಯಂಗೆ ಅಂತ ಹಿಡಿದು ಹಿಡಿದು 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಬೇಕೇ ಬೇಕು ಅಂದರೆ ತೊಟ್ಟಿಯಲ್ಲಿ ಮರಿ ಮಾಡಿಸಿದ ಒಂದು ಜೋಡಿ ಸಾಕು.

ಮೀರಾರೋಡ್ ಮಂಜು:

ಕ್ಲೌನ್ ಸರ್ ಹೇಳಿದ್ದು ಸರಿ, ಆದರೆ ಕ್ರೋಮಿಸ್‌ಗೆ ಸ್ವಲ್ಪ ಜಾಸ್ತಿಯೇ ಬೈದರು. ನಮ್ಮಲ್ಲಿ ಆರು ಇವೆ, ದೊಡ್ಡವಾಗಿವೆ, ಚೆನ್ನಾಗಿವೆ. ಗುಟ್ಟು ಏನಿಲ್ಲ. ಎಲ್ಲ ಒಂದೇ ಸೈಜಿನವು ತರಬೇಕು, ಒಂದೇ ದಿನ ಬಿಡಬೇಕು, ಹೊಟ್ಟೆ ತುಂಬಾ ಊಟ ಹಾಕಬೇಕು. ಹಸಿದ ಕ್ರೋಮಿಸ್ ಜಗಳಗಂಟ. ದಿನಕ್ಕೆ ಒಂದು ಸಲ ಚಿಟಿಕೆ ಪೆಲೆಟ್ (ಒಣ ಗುಳಿಗೆ ಊಟ) ಹಾಕಿ ಹೋಗುವವರ ಮನೆಯಲ್ಲೇ ಅವು ಒಂದೊಂದಾಗಿ ಹೋಗುವುದು. ಇನ್ನೊಂದು, ಅವಕ್ಕೆ ರಾತ್ರಿ ಮಲಗಲು ಒಂದೊಂದಕ್ಕೆ ಒಂದೊಂದು ಸಂದಿ ಬೇಕು. ಕಲ್ಲನ್ನು ಗೋಡೆ ಕಟ್ಟಿದ ಹಾಗೆ ಒತ್ತೊತ್ತಾಗಿ ಇಟ್ಟರೆ ಲೈಟ್ ಆರುವ ಹೊತ್ತಿಗೆ ಜಾಗಕ್ಕೆ ಕಚ್ಚಾಟ. ಲೈಟ್ ಆರಿದ ಮೇಲೆ ಮೊಬೈಲ್ ಟಾರ್ಚ್ ಕೈಯಲ್ಲಿ ಮುಚ್ಚಿಕೊಂಡು ಮಂದ ಬೆಳಕಿನಲ್ಲಿ ನೋಡಿ, ಯಾವ ಮೀನು ಎಲ್ಲಿ ಮಲಗಿದೆ ಅಂತ ಗೊತ್ತಾಗುತ್ತದೆ. ಬಿಲ ಸಿಗದೆ ಹೊರಗೆ ತೇಲುತ್ತಿರುವವನೇ ಮುಂದಿನ ಗಿರಾಕಿ.

ಮುಂಬೈಯಲ್ಲಿ ಇದ್ದುಕೊಂಡು ಊಟಕ್ಕೆ ಯೋಚನೆ ಯಾಕೆ? ಮೀನು ಮಾರ್ಕೆಟ್ಟಿನಲ್ಲಿ ಹಸಿ ಜವಳಾ ಸಿಗುತ್ತದೆ, ಸಣ್ಣ ಸಿಗಡಿ. ತೊಳೆದು, ಚಿಕ್ಕ ಪೊಟ್ಟಣ ಮಾಡಿ, ಕೆಲವು ದಿನ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ತುರಿದು ಹಾಕಿ. ಮೀನಿನ ಮೊಟ್ಟೆಯೂ ಹಾಗೇ. ಒಣಗಿಸಿದ ಜವಳಾ ಮಾತ್ರ ಬೇಡ, ಅದು ಚಟ್ನಿಗೆ. ಮತ್ತು ಬರೀ ಜವಳಾ ಒಂದನ್ನೇ ಹಾಕಬೇಡಿ, ಪೆಲೆಟ್, ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಎಲ್ಲ ಬದಲಾಯಿಸಿ ಹಾಕಿ.

ವಾಸ್ಕೋ ವಾಸಿ:

ಬಂಗುಡೆಯವರೇ, ಆಂಥಿಯಾಸ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ ಮಾರಾಯ್ರೆ. ನಿಮಗೆ ತೋರಿಸಿದ್ದು ಲೈರ್‌ಟೇಲ್ ಆಂಥಿಯಾಸ್ ಇರಬೇಕು. ಕೆಂಪು ಸಮುದ್ರದಿಂದ ಪೆಸಿಫಿಕ್ ತನಕ ಇರುವ ಮೀನು. ಬಣ್ಣ ನೋಡಿ ಮನಸ್ಸು ಜಾರಿತು ಅಂದಿರಲ್ಲ, ಅಲ್ಲೇ ಇರುವುದು ಸಮಸ್ಯೆ. ಗುಲಾಬಿ ನೇರಳೆ ಬಣ್ಣದ್ದು, ಬೆನ್ನಿನ ರೆಕ್ಕೆಯಲ್ಲಿ ಒಂದು ಮುಳ್ಳು ಬಾವುಟದ ಕೋಲಿನ ಹಾಗೆ ಉದ್ದ ಇರುವುದು ಗಂಡು. ಕಿತ್ತಳೆ ಬಣ್ಣದ್ದು ಹೆಣ್ಣು. ಗಿರಾಕಿ ಎಲ್ಲರೂ ಗಂಡನ್ನೇ ಕೇಳುತ್ತಾರೆ, ಎರಡು ಮೂರು ಗಂಡು ಒಟ್ಟಿಗೆ 4 ಅಡಿಯಲ್ಲಿ ಬಿಟ್ಟರೆ ಒಂದೇ ಉಳಿಯುವುದು. ಸರಿಯಾದ ದಾರಿ ಅಂದರೆ ಬರೀ ಹೆಣ್ಣು ತರುವುದು. ಇವು ಹುಟ್ಟುವಾಗ ಹೆಣ್ಣು, ಗುಂಪಿನಲ್ಲಿ ಗಂಡು ಇಲ್ಲದಿದ್ದರೆ ಎಲ್ಲಕ್ಕಿಂತ ಜೋರಿನ ಹೆಣ್ಣು ಕೆಲವೇ ವಾರಗಳಲ್ಲಿ ಗಂಡಾಗುತ್ತದೆ. ಬಣ್ಣ ಮೆಲ್ಲಗೆ ಕಿತ್ತಳೆಯಿಂದ ನೇರಳೆಗೆ ತಿರುಗುವುದನ್ನು ನೋಡುವುದೇ ಒಂದು ಖುಷಿ.

ಆದರೆ ನಿಮಗೆ ಅದು ಆಗುವುದಿಲ್ಲ. ಸಮುದ್ರದಲ್ಲಿ ಇವು ಹರಿಯುವ ನೀರಿಗೆ ಮುಖ ಮಾಡಿ ನಿಂತು ಹಗಲಿಡೀ ತೇಲಿಬರುವ ಪುಟ್ಟ ಜೀವಿಗಳನ್ನು (ಪ್ಲಾಂಕ್ಟನ್) ಕುಟುಕುತ್ತಾ ಇರುತ್ತವೆ. ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಹನ್ನೆರಡು ಗಂಟೆ ಮನೆಯಲ್ಲಿ ಯಾರೂ ಇಲ್ಲ ಅಂದರೆ ಆಟೋ ಫೀಡರ್ ಒಂದೇ ಗತಿ, ಅದರಲ್ಲಿ ಪೆಲೆಟ್ ಮಾತ್ರ ಹೋಗುತ್ತದೆ, ಅಂಗಡಿಯಿಂದ ಬಂದ ಹೊಸ ಆಂಥಿಯಾಸ್ ಪೆಲೆಟ್ ಮುಟ್ಟುವುದೇ ಕಷ್ಟ. ಮತ್ತೆ ನಮ್ಮ ಕಡೆ ಮಳೆಗಾಲದಲ್ಲಿ ಫೀಡರ್ ಒಳಗೆ ಪೆಲೆಟ್ ಎಲ್ಲ ಹಸಿಯಾಗಿ ಉಂಡೆ ಕಟ್ಟುತ್ತದೆ. ಯಂತ್ರ ತಿರುಗುತ್ತದೆ, ಊಟ ಬೀಳುವುದಿಲ್ಲ.

ಇನ್ನು ಅಂಗಡಿಯವರು ತೋರಿಸುವ ಬೇರೆ ಎರಡು ಮೀನು. ಒಂದು ಪಟ್ಟೆ ಬೆಕ್ಕುಮೀನು, ಕಪ್ಪು ಮೈ, ಬಿಳಿ ಗೆರೆ. ಮರಿಗಳು ಒಂದರ ಮೇಲೊಂದು ಬಿದ್ದು ಚೆಂಡಿನ ಹಾಗೆ ಉರುಳಾಡುತ್ತವೆ, ಅಷ್ಟು ಒಗ್ಗಟ್ಟಿನ ಹಿಂಡು ಬೇರೆ ಯಾವ ಮೀನಿನಲ್ಲೂ ಮನೆಯಲ್ಲಿ ಕಾಣಸಿಗದು. ಆದರೆ ಅದರ ರೆಕ್ಕೆಯ ಮುಳ್ಳಿನಲ್ಲಿ ವಿಷ ಇದೆ. ಕೈ ಹಾಕಿ ಚುಚ್ಚಿಸಿಕೊಂಡರೆ ತಡೆಯಲಾಗದಷ್ಟು ನೋವು. ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಇಟ್ಟುಕೊಂಡು ಡಾಕ್ಟರ ಹತ್ತಿರ ಓಡಬೇಕು. ಮೇಲಾಗಿ ಒಂದಡಿ ಉದ್ದ ಬೆಳೆಯುತ್ತದೆ, ದೊಡ್ಡದಾದ ಮೇಲೆ ಹಿಂಡೂ ಇರುವುದಿಲ್ಲ, ನಿಮ್ಮ ಸಿಗಡಿಯೂ ಇರುವುದಿಲ್ಲ. ಎರಡನೆಯದು ಮೋನೋ. ಬೆಳ್ಳಿ ಬಣ್ಣ, ತಟ್ಟೆ ಆಕಾರ, ನಮ್ಮ ಅಳಿವೆಗಳಲ್ಲೂ ಇದೆ. ಅದು ನಿಜವಾಗಿಯೂ ಹಿಂಡಾಗಿಯೇ ಈಜುತ್ತದೆ. 6 ಅಡಿಗಿಂತ ಕಡಿಮೆ ಟ್ಯಾಂಕಿನವರು ಆಸೆ ಪಡಬಾರದು, ಊಟದ ತಟ್ಟೆಯಷ್ಟು ಆಗುತ್ತದೆ.

ಒಂದು ಕಾನೂನಿನ ಮಾತೂ ಇರಲಿ. "ಹಿಂಡಿಗೆ ಚೆಂದ ಕಾಣುತ್ತದೆ" ಅಂತ ಹವಳ ಕೊಡಲು ಬರುತ್ತಾರೆ. ಬಂಡೆ ಕಟ್ಟುವ ಎಲ್ಲ ಹವಳ, ಸಮುದ್ರಕುದುರೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಇಟ್ಟುಕೊಂಡರೆ ಕೇಸು. ಸೆರಾಮಿಕ್ ಕಲ್ಲೇ ಸಾಕು, ಅದರಲ್ಲೂ ಸಂದಿ ಬೇಕಾದಷ್ಟು ಸಿಗುತ್ತದೆ.

ಡೊಂಬಿವ್ಲಿ ಬಂಗುಡೆ:

ಎಲ್ಲರಿಗೂ ಥ್ಯಾಂಕ್ಸ್. ಆಂಥಿಯಾಸ್ ಆಸೆ ಬಿಟ್ಟೆ. ಪಜಾಮಾ ಫೋಟೋ ನೋಡಿ ಹೆಂಡತಿ "ಇದು ಬೇರೆ ಬೇರೆ ಮೂರು ಮೀನು ಸೇರಿಸಿ ಹೊಲಿದ ಹಾಗಿದೆ" ಅಂದಳು, ಆದರೆ ಇಷ್ಟ ಆಯಿತು. ಇನ್ನು ಎರಡು ಅನುಮಾನ. ಒಂದು, ಮೇ ತಿಂಗಳಲ್ಲಿ ನಮ್ಮ ನೀರು 31 ಡಿಗ್ರಿ ತನಕ ಹೋಗುತ್ತದೆ. ಈಗ ಮೂರು ಮೀನಿಗೆ ನಡೆಯುತ್ತಿದೆ, ಐದಾರು ಸೇರಿಸಿದರೆ? ಫ್ಯಾನ್ ಇದೆ, ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇಲ್ಲ. ಎರಡು, ವಾಸ್ಕೋದವರೇ, ನೀವು ಸಮುದ್ರದ ನೀರೇ ಹಾಕುತ್ತೀರಾ? ಉಪ್ಪಿನ ಖರ್ಚು ನೋಡಿ ಕೇಳುತ್ತಿದ್ದೇನೆ.

ವಾಸ್ಕೋ ವಾಸಿ:

ಇಲ್ಲಪ್ಪ. ಸಮುದ್ರ ಮನೆ ಬಾಗಿಲಲ್ಲೇ ಇದೆ, ಆದರೂ ಉಪ್ಪು ಕೊಂಡೇ ಹಾಕುತ್ತೇನೆ. ಇಲ್ಲಿ ಜುವಾರಿ ನದಿ ಬಂದು ಸೇರುತ್ತದೆ, ಮಳೆಗಾಲದಲ್ಲಿ ನೀರಿನ ಉಪ್ಪು ಇಳಿಯುತ್ತದೆ, ಪಕ್ಕದಲ್ಲಿ ಬಂದರು. ನಿಮ್ಮ ಮುಂಬೈ ಕಡಲ ತೀರದ ನೀರಿನ ಬಗ್ಗೆ ನಾನು ಹೇಳಬೇಕಾ? 200 ಲೀಟರ್ ಪೂರ್ತಿ ತುಂಬಲು 7 ಕಿಲೋ ಚಿಲ್ಲರೆ ಉಪ್ಪು, ಅದು ಒಂದೇ ಸಲ. ಆಮೇಲೆ ಬದಲಾಯಿಸುವ ನೀರಿಗೆ ಮಾತ್ರ.

ಮಾಟುಂಗಾ ಸುಮಾ:

ಬಿಸಿ ವಿಷಯ ನಾನು ಹೇಳುತ್ತೇನೆ. ಫ್ಯಾನ್ ನೀರನ್ನು ತಣ್ಣಗೆ ಮಾಡುವುದು ನೀರು ಆವಿಯಾಗುವುದರಿಂದ. ಪುಣೆಯ ಒಣ ಬೇಸಿಗೆಯಲ್ಲಿ ಕ್ಲೌನ್ ಸರ್‌ಗೆ ಫ್ಯಾನಿನಲ್ಲೇ ಮೂರು ಡಿಗ್ರಿ ಇಳಿಯಬಹುದು. ನಮ್ಮಲ್ಲಿ ಮೇ ಕೊನೆ, ಜೂನ್ ಮೊದಲು, ಮಳೆ ಬರುತ್ತೇನೆ ಬರುತ್ತೇನೆ ಅಂತ ಆಟ ಆಡಿಸುವ ದಿನಗಳಲ್ಲಿ ಗಾಳಿಯೇ ಒದ್ದೆ. ಒಗೆದ ಬಟ್ಟೆಯೇ ಒಣಗದ ದಿನ ಟ್ಯಾಂಕಿನ ನೀರು ಎಲ್ಲಿಂದ ಆವಿಯಾಗಬೇಕು? ಆಗ ಫ್ಯಾನ್ ತಿರುಗಿದರೂ ಲಾಭ ಇಲ್ಲ. ಅದೇ ದಿನಗಳಲ್ಲಿ ಕರೆಂಟೂ ಹೋಗುತ್ತದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಮೂರು ಮೀನು ತಡೆದುಕೊಂಡಿವೆ ಅಂತ ಎಂಟು ತಡೆಯುತ್ತವೆ ಅನ್ನಲಾಗದು. ಮೊದಲು ಚಿಲ್ಲರ್, ಆಮೇಲೆ ಮೀನು, ನಾನು ಹೇಳುವುದು ಇಷ್ಟೇ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಅದನ್ನು ಸ್ಟ್ಯಾಂಡಿನ ಬಾಗಿಲೊಳಗೆ ಕೂರಿಸಬೇಡಿ, ಅದು ಬಿಸಿ ಗಾಳಿ ಉಗುಳುತ್ತದೆ, ಅದೇ ಗಾಳಿಯಲ್ಲಿ ಅದೇ ನೀರನ್ನು ತಣ್ಣಗೆ ಮಾಡಲು ಒದ್ದಾಡಿ ಕರೆಂಟ್ ಬಿಲ್ ಏರಿಸುತ್ತದೆ. ಪೈಪ್ ಎಳೆದು ಬಾಲ್ಕನಿ ಕಡೆ ಇಡಿ. 26ಕ್ಕೆ ಇಟ್ಟರೆ ಸಾಕು. ಬ್ಯಾಟರಿ ಏರ್ ಪಂಪ್ ಒಂದು ಇರಲಿ, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವಂಥದ್ದು.

ಆವಿಯಾದ ನೀರಿಗೆ ಬದಲು ಹಾಕುವುದು ಬರೀ ಆರ್‌ಓ ನೀರು, ಉಪ್ಪುನೀರಲ್ಲ, ಉಪ್ಪು ಆವಿಯಾಗುವುದಿಲ್ಲವಲ್ಲ. ಅಡುಗೆಮನೆಯ ಆರ್‌ಓ ಬಳಸುವುದಾದರೆ ಒಂದು ಸಲ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಕುಡಿಯಲು ರುಚಿ ಇರಲಿ ಅಂತ ಅದರಲ್ಲಿ ಸ್ವಲ್ಪ ನಲ್ಲಿ ನೀರು ಬೆರೆಸುವ ಸ್ಕ್ರೂ ಇರುತ್ತದೆ, ಮಿನರಲ್ ಕಾರ್ಟ್ರಿಡ್ಜ್ ಕೂಡ ಇರುತ್ತದೆ. ಅವೆರಡಕ್ಕೂ ಮೊದಲೇ ಪೈಪ್ ತಪ್ಪಿಸಿ ನೀರು ಹಿಡಿದುಕೊಳ್ಳಿ.

ಡೊಂಬಿವ್ಲಿ ಬಂಗುಡೆ:

ಸುಮಕ್ಕ, ಚಿಲ್ಲರ್ ಹುಡುಕಲು ಶುರು ಮಾಡಿದೆ. ಕೊನೆಯ ಪ್ರಶ್ನೆ. ಹೊಸ ಮೀನನ್ನು ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡಬೇಕು ಅಂತಾರೆ. ನಮ್ಮದು ಒಂದು ಬೆಡ್‌ರೂಮಿನ ಮನೆ. ಐದು ಮೀನಿಗೆ ಇನ್ನೊಂದು ಟ್ಯಾಂಕ್ ಎಲ್ಲಿ ಇಡಲಿ? ಬಿಟ್ಟರೆ ನಡೆಯುವುದಿಲ್ವಾ?

ಕೊಥ್ರೂಡ್ ಕ್ಲೌನ್:

ನಡೆಯುವುದಿಲ್ಲ. ಒಂಟಿ ಮೀನು ತರುವವರಾದರೂ ಅದೃಷ್ಟ ನಂಬಬಹುದು, ಐದು ಒಟ್ಟಿಗೆ ತರುವಾಗ ಅದರಲ್ಲಿ ಒಂದಕ್ಕೆ ಬಿಳಿಚುಕ್ಕೆ ರೋಗ ಇದ್ದರೂ ನಿಮ್ಮ ಹಳೆಯ ಕ್ಲೌನ್ ಜೋಡಿಗೂ ಬರುತ್ತದೆ. ಆಮೇಲೆ ಎಲ್ಲ ಮೀನನ್ನೂ ಹೊರಗೆ ತೆಗೆದು ಟ್ಯಾಂಕನ್ನು ಎರಡು ತಿಂಗಳಿಗೂ ಜಾಸ್ತಿ ಮೀನಿಲ್ಲದೆ ಬಿಡಬೇಕು. ಅಲ್ಲೇ ತಾಮ್ರದ ಔಷಧಿ ಹಾಕೋಣ ಅಂದರೆ ನಿಮ್ಮ ಸಿಗಡಿ ಸಾಯುತ್ತದೆ, ಕಲ್ಲು ಮರಳು ಔಷಧಿ ಹೀರಿಕೊಳ್ಳುತ್ತವೆ.

ಟ್ಯಾಂಕ್ ಬೇಕಿಲ್ಲ. ಮುಚ್ಚಳ ಇರುವ 60 ಲೀಟರ್ ಪ್ಲಾಸ್ಟಿಕ್ ಡಬ್ಬ ಸಾಕು, ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಡೈನಿಂಗ್ ಟೇಬಲ್ ಕೆಳಗೆ ಹೋಗುತ್ತದೆ. ಮರಳು ಕಲ್ಲು ಏನೂ ಬೇಡ. ದಪ್ಪ ಪಿವಿಸಿ ಪೈಪಿನ ತುಂಡು ಐದಾರು ಹಾಕಿ, ಅಡಗಿಕೊಳ್ಳಲು. ಒಂದು ಸ್ಪಂಜ್ ಫಿಲ್ಟರ್ ಕೊಂಡು ಇವತ್ತೇ ನಿಮ್ಮ ಸಂಪಿನಲ್ಲಿ ಹಾಕಿಬಿಡಿ. ನೀವು ಚಿಲ್ಲರ್ ಹುಡುಕಿ ಕೂರಿಸುವಷ್ಟರಲ್ಲಿ ಅದರಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಕೂತಿರುತ್ತದೆ. ಐದು ಮೀನು ಒಂದೇ ದಿನ ಬರುವಾಗ ಇದು ಬಹಳ ಮುಖ್ಯ. ಒಟ್ಟಿಗೆ ತರಬೇಕು ಅನ್ನುವುದು ಮೀನಿನ ಜಗಳಕ್ಕೆ ಒಳ್ಳೆಯದು, ಫಿಲ್ಟರಿಗೆ ಒಮ್ಮೆಲೇ ಭಾರ. ಮೊದಲ ವಾರ ದಿನಾ ಅಮೋನಿಯ ನೋಡಿ, ಸ್ವಲ್ಪ ಕಂಡರೂ ಅರ್ಧ ನೀರು ಬದಲಾಯಿಸಿ. ನಾಲ್ಕು ವಾರ ಇಟ್ಟುಕೊಳ್ಳಿ. ಡಬ್ಬಕ್ಕೆ ಬಲೆ, ಮಗ್ಗು ಎಲ್ಲ ಬೇರೆಯೇ ಇರಲಿ.

ದೊಡ್ಡ ಟ್ಯಾಂಕಿಗೆ ಬಿಡುವ ದಿನ ಐದನ್ನೂ ಒಟ್ಟಿಗೆ ಬಿಡಿ, ಲೈಟ್ ಆರಿಸಿದ ಮೇಲೆ. ಕ್ಲೌನ್ ಜೋಡಿ ಎಡಮೂಲೆಯವರು ಅಂದಿರಲ್ಲ, ಬಲಗಡೆಯ ಕಲ್ಲನ್ನು ಸ್ವಲ್ಪ ಎತ್ತರಿಸಿ ಇಡಿ, ಪಜಾಮಾಗಳು ಅಲ್ಲಿ ನೆಲೆಯಾಗುತ್ತವೆ. ಸ್ವಲ್ಪ ತಿಂಗಳ ನಂತರ ಒಂದು ಮೀನು ಊಟ ಬಿಟ್ಟು, ಗದ್ದ ಊದಿಸಿಕೊಂಡು ನಿಂತರೆ ರೋಗ ಅಂತ ಹಿಡಿದು ಹೊರಗೆ ಹಾಕಬೇಡಿ. ಅದು ಗಂಡು, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ.

ಮೀರಾರೋಡ್ ಮಂಜು:

ಬಂಗುಡೆ ಅಣ್ಣ, ಕೊಳ್ಳುವಾಗ ನಿಮ್ಮೆದುರೇ ಊಟ ಹಾಕಿ ತೋರಿಸಲು ಹೇಳಿ. ಪಜಾಮಾ ಹಗಲು ಬೆಳಕಿನಲ್ಲಿ ಪೆಲೆಟ್ ಕಂಡರೂ ಸುಮ್ನೆ ನಿಂತಿದ್ದರೆ ಗಾಬರಿ ಬೇಡ, ಫ್ರೀಜರಿನಿಂದ ತೆಗೆದು ಕರಗಿಸಿದ ಆರ್ಟೀಮಿಯಾನೋ (ಇದೂ ಸಿಗಡಿಯಂಥ ಪುಟ್ಟ ಜೀವಿ) ಮೈಸಿಸ್ಸೋ ಹಾಕಲಿ. ಅದಕ್ಕೂ ಬಾಯಿ ತೆರೆಯದಿದ್ದರೆ, ಕಿವಿರು ಫಟಫಟ ಬಡಿಯುತ್ತಿದ್ದರೆ, ಅಂಗಡಿಯವನು ಎಷ್ಟೇ ಕಡಿಮೆಗೆ ಕೊಟ್ಟರೂ ಖಾಲಿ ಕೈಯಲ್ಲಿ ವಾಪಸ್ ಬನ್ನಿ. ಮೀನು ಅವತ್ತೇ ಬಂದಿದ್ದರೂ ತರಬೇಡಿ. ದುಡ್ಡು ಕೊಟ್ಟು ಒಂದು ವಾರ ಅವನ ತೊಟ್ಟಿಯಲ್ಲೇ ಇಡಿಸಿ, ಆಮೇಲೆ ಹೋಗಿ ಎತ್ತಿಕೊಂಡು ಬನ್ನಿ.